ಕಾಗುಣಿತ ಗೊತ್ತಿದ್ರೆ ಸ್ವರಲಿಪಿ ಅರ್ಧ ಬಂದ ಹಾಗೆ

ಮಾಲೂರು ತಾಲೂಕಿನ ಮಾಸ್ತಿ ಅಂದ್ರೆ ನಮಗೆಲ್ಲ ನೆನಪಾಗೋದು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅವರ 'ಸುಬ್ಬಣ್ಣ'ದ ನಾಯಕ ಒಬ್ಬ ಸಂಗೀತಗಾರ. ಅದೇ ಕೋಲಾರ ಜಿಲ್ಲೆಯ ಮುಳಬಾಗಿಲು ಹರಿದಾಸ ಶ್ರೀಪಾದರಾಜರ ಊರು. ಅವರ ಶಿಷ್ಯರು ವ್ಯಾಸರಾಯರು, ವ್ಯಾಸರಾಯರ ಶಿಷ್ಯರು ಪುರಂದರದಾಸರು. ಇವತ್ತಿಗೂ ಮಕ್ಕಳು ಮೊದಲು ಕಲಿಯೋ ಸರಳೆ ವರಸೆ ಪುರಂದರದಾಸರು ಕೊಟ್ಟದ್ದು ಅನ್ನೋದು ಸಂಪ್ರದಾಯದ ನಂಬಿಕೆ. ಇಷ್ಟು ಹತ್ತಿರದ ವಿದ್ಯೆಯನ್ನು ಪುಸ್ತಕದಲ್ಲಿ ನೋಡಿದ್ರೆ ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಬರೀ ಚುಕ್ಕಿ, ಗೆರೆ ಕಾಣುತ್ತೆ. ಬನ್ನಿ, ಓದೋಣ.

ಮೊದಲು ಸ್ವರ. ಸ, ರಿ, ಗ, ಮ, ಪ, ದ, ನಿ. 'ಸ' ಅನ್ನೋದು ಬೇಸ್ ಅಡ್ರೆಸ್ ಇದ್ದ ಹಾಗೆ, ಹಾಡುವವರು ತಮ್ಮ ಕಂಠಕ್ಕೆ ತಕ್ಕಂತೆ ಇಟ್ಕೋತಾರೆ. 'ಸ' 240 ಹರ್ಟ್ಜ್ ಆದ್ರೆ 'ಪ' 360, ಮೇಲಿನ 'ಸ' 480. ಅಕ್ಷರದ ಮೇಲೆ ಚುಕ್ಕಿ ಇದ್ರೆ ತಾರ ಸ್ಥಾಯಿ, ಕೆಳಗಿದ್ರೆ ಮಂದ್ರ, ಚುಕ್ಕಿ ಇಲ್ಲದಿದ್ರೆ ಮಧ್ಯ.

ಆಮೇಲೆ ಕಾಲ. ಇಲ್ಲಿ ನಮ್ಮ ಕಾಗುಣಿತವೇ ಕೆಲಸಕ್ಕೆ ಬರುತ್ತೆ. ಹ್ರಸ್ವ 'ಸ' ಒಂದು ಅಕ್ಷರಕಾಲ, ದೀರ್ಘ 'ಸಾ' ಎರಡು. ಅಲ್ಪವಿರಾಮ ಬಂದ್ರೆ ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೀಬೇಕು, ಅರ್ಧವಿರಾಮ ಬಂದ್ರೆ ಎರಡು. ಸ್ವರಗಳ ಮೇಲೆ ಅಡ್ಡಗೆರೆ ಇದ್ರೆ ವೇಗ ದುಪ್ಪಟ್ಟು.

ಕೊನೆಗೆ ತಾಳ. ಆದಿ ತಾಳದಲ್ಲಿ 8 ಅಕ್ಷರ: 4ರ ಲಘು, 2ರ ಎರಡು ದ್ರುತ. ಲಘುವಿಗೆ ಒಂದು ಪೆಟ್ಟು, ಮೂರು ಬೆರಳೆಣಿಕೆ. ದ್ರುತಕ್ಕೆ ಒಂದು ಪೆಟ್ಟು, ಒಂದು ಕೈ ತಿರುವು. ಒಂಟಿ ಗೆರೆ ಅಂಗದ ಕೊನೆ, ಜೋಡಿ ಗೆರೆ ಆವರ್ತದ ಕೊನೆ. ಈಗ ನಾವೇ ಬರೆದ ಈ ಸಾಲು ನೋಡಿ:

ಸಾ ರಿ ಗ | ಮ , | ಪಾ ||

ಎಣಿಸಿ: 2+1+1, 1+1, 2. ಒಟ್ಟು 8, ಲೆಕ್ಕ ಸರಿ!

ಆದ್ರೆ ಯಾವ 'ರಿ', ಯಾವ 'ಗ' ಅನ್ನೋದು ಈ ಸಾಲಲ್ಲಿ ಇಲ್ಲ. ಅದಕ್ಕೇ ಪುಟದ ಮೇಲ್ಭಾಗದಲ್ಲಿ ರಾಗದ ಹೆಸರು ಇರುತ್ತೆ. ಸರಳೆ ವರಸೆಯ ರಾಗ ಮಾಯಾಮಾಳವಗೌಳ, 15ನೇ ಮೇಳಕರ್ತ. ಅದರಲ್ಲಿ 'ರಿ' 'ಸ'ಗೆ ತೀರಾ ಹತ್ತಿರ, 'ಗ' 'ಮ'ಗೆ ಹತ್ತಿರ. ಗಮಕವನ್ನೂ, ಅಂದ್ರೆ ಸ್ವರದ ತೂಗಾಟವನ್ನೂ, ಸಾಮಾನ್ಯ ಪುಸ್ತಕಗಳು ಬರೆಯೋದಿಲ್ಲ. ಅದನ್ನು ಗುರುಗಳ ಬಾಯಿಂದಲೇ ಕೇಳ್ಬೇಕು. ಲಿಪಿ ಕೊಡೋದು ಅಸ್ಥಿಪಂಜರ ಮಾತ್ರ.

ಹಾಗಂತ ಅದು ಸಣ್ಣದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನೋ ಅಜ್ಜಿಯೋ ಕೈಯಲ್ಲಿ ಬರೆದ ಸಂಗೀತದ ನೋಟ್‌ಬುಕ್ ಇರುತ್ತೆ. ಓದೋರಿಲ್ಲ ಅಂದ್ರೆ ಅದು ಒಂದಿನ ರದ್ದಿಗೆ ಹೋಗುತ್ತೆ. ಈ ಸಲ ಊರಿಗೆ ಹೋದಾಗ ಅದನ್ನು ಹುಡುಕಿ, ಒಂದು ಸಾಲಿಗೆ ತಾಳ ಹಾಕಿ, ಅವರನ್ನೇ ಹಾಡೋಕೆ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳೋದನ್ನ ಮರೀಬೇಡಿ.