ಪಾಸ್‌ವರ್ಡ್ ಒಪ್ಪಿತು, ಫೈಲ್ ಬರಲಿಲ್ಲ!

ಎಫ್‌ಟಿಪಿಗೆ ಎರಡು ಸಂಪರ್ಕ ಏಕೆ? ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಪ್ರಶ್ನೆ ಇದು. ನನಗೆ ಉತ್ತರ ನಿಜವಾಗಿ ಅರ್ಥವಾಗಿದ್ದು ಚಂದ್ರಗುತ್ತಿಯ ನಮ್ಮ ಮನೆಯಲ್ಲಿ.

ಹಳೇ ಡೆಸ್ಕ್‌ಟಾಪ್‌ನ ಹಾರ್ಡ್‌ಡಿಸ್ಕ್ ಟಕಟಕ ಸದ್ದು ಮಾಡುತ್ತಿತ್ತು. ತೀರಿಹೋದ ಅಜ್ಜಿಯ ಹಸೆ ಹಾಡುಗಳ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ. ಮಳೆಗಾಲ ಬೇರೆ, ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಸಬಹುದೆಂದು ಅದರಲ್ಲಿ ಎಫ್‌ಟಿಪಿ ಸರ್ವರ್ ಹಾಕಿ, ಲ್ಯಾಪ್‌ಟಾಪ್ ಜತೆ ರೂಟರ್‌ಗೆ ಜೋಡಿಸಿದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಪಿಂಗ್‌ಗೆ ಉತ್ತರ ಬಂತು. ಪಾಸ್‌ವರ್ಡ್ ಒಪ್ಪಿತು. ಫೈಲ್‌ಗಳ ಪಟ್ಟಿ ಮಾತ್ರ ತೆರೆಯಲಿಲ್ಲ.

ಕಾರಣ ಇಷ್ಟೇ: ಲಾಗಿನ್ ಮಾತುಕತೆ ನಡೆಯುವುದು 21ನೇ ಪೋರ್ಟ್‌ನಲ್ಲಿ. ಪಟ್ಟಿ, ಫೈಲ್ ಬರುವುದು ಇನ್ನೊಂದರಲ್ಲಿ. ಪ್ಯಾಸಿವ್ ಮೋಡ್‌ನಲ್ಲಿ ಅದನ್ನು ಸರ್ವರ್ ಪ್ರತಿ ಸಲ ಹೊಸದಾಗಿ ಆರಿಸುತ್ತದೆ. ಫೈರ್‌ವಾಲ್ 21ಕ್ಕೆ ದಾರಿ ಬಿಟ್ಟು, ಇನ್ನೊಂದನ್ನು ತಡೆದಿತ್ತು. ಸರ್ವರ್‌ನಲ್ಲಿ 50000ದಿಂದ 50100ರವರೆಗಿನ ಪೋರ್ಟ್‌ಗಳನ್ನು ನಿಗದಿ ಮಾಡಿ, ಅಷ್ಟಕ್ಕೇ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟೆ. ಪಟ್ಟಿ ಬಂತು! ಎರಡು ಸಲ ಕರೆಂಟು ಹೋದರೂ ಹಾಡುಗಳೆಲ್ಲ ಲ್ಯಾಪ್‌ಟಾಪ್ ಸೇರಿದವು. ‘ಸ್ವಲ್ಪ ಜೋರಾಗಿ ಇಡು’ ಎಂದಳು ಅಮ್ಮ, ಅಡುಗೆಮನೆಯಿಂದಲೇ.

ಎಫ್‌ಟಿಪಿಯ ಮೊದಲ ಕರಡು ಬರೆದವರು ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್, 1971ರಲ್ಲಿ. ಆ ಕಾಲದ ವಿನ್ಯಾಸದಲ್ಲಿ ಎನ್‌ಕ್ರಿಪ್ಷನ್ ಇಲ್ಲ. ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಮನೆಯೊಳಗೆ ಪರವಾಗಿಲ್ಲ, ಹೊರಗಿನ ನೆಟ್‌ಗೆ ಎಸ್‌ಎಫ್‌ಟಿಪಿಯೇ ಸರಿ.

ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಗೆಳೆಯರೇ, ಕೇಬಲ್, ಐಪಿ, ಪಿಂಗ್, ಪೋರ್ಟ್, ಫೈರ್‌ವಾಲ್ – ಈ ಕ್ರಮದಲ್ಲಿ ಒಂದೊಂದನ್ನೇ ಪರೀಕ್ಷಿಸಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವುದು ರಿಪೇರಿಯಲ್ಲ, ಬೀಗ ತೆಗೆಯಲು ಬಾಗಿಲನ್ನೇ ಕಿತ್ತಿಟ್ಟ ಹಾಗೆ.