ತಪ್ಪು ಲೆಕ್ಕ, ಸರಿ ಉತ್ತರ

ಎರಡನೇ ಮಹಾಯುದ್ಧ ಮುಗಿದ ಹೊಸತು. ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿ ಡಾಕ್ಟರೊಬ್ಬನ ಮನೆಯ ಫ್ರಿಜ್‌ನಲ್ಲಿ, ಅಡುಗೆ ಸಾಮಾನಿನ ಪಕ್ಕದಲ್ಲೇ ಗಾಜಿನ ಜಾಡಿಗಳು ಕುಳಿತಿರುತ್ತಿದ್ದವು. ಅವುಗಳಲ್ಲಿದ್ದದ್ದು ಮಾನಸಿಕ ಆಸ್ಪತ್ರೆಯ ರೋಗಿಗಳ ಮೂತ್ರ. ಡಾಕ್ಟರನ ಹೆಸರು ಜಾನ್ ಕೇಡ್. ಹೆಂಡತಿ ಜೀನ್ ಮದುವೆಗೆ ಮುಂಚೆ ನರ್ಸ್ ಆಗಿದ್ದವಳು, ಹಾಗಾಗಿ ಸಹಿಸಿಕೊಂಡಳು. ಬೇರೆ ಮನೆಯಾಗಿದ್ದರೆ ಈ ಸಂಶೋಧನೆ ಮೊದಲ ವಾರವೇ ಬೀದಿಗೆ ಬೀಳುತ್ತಿತ್ತು.

ಕೇಡ್‌ಗೆ ಹುಚ್ಚಾಸ್ಪತ್ರೆ ಹೊಸದಲ್ಲ. ಮೊದಲ ಮಹಾಯುದ್ಧದಿಂದ ಬಳಲಿ ಬಂದಿದ್ದ ಅವನ ತಂದೆ ಮನೋವೈದ್ಯನಾಗಿ ಸರ್ಕಾರಿ ನೌಕರಿ ಹಿಡಿದಿದ್ದ. ಹುಡುಗ ಬೆಳೆದದ್ದು ಆಸ್ಪತ್ರೆಗಳ ಆವರಣದ ಮನೆಗಳಲ್ಲಿ. ಹೊರಗಿನವರು ಹೆದರಿ ದೂರ ಸರಿಯುತ್ತಿದ್ದ ರೋಗಿಗಳು ಅವನಿಗೆ ನೆರೆಹೊರೆಯವರು. ಮುಂದೆ ತಾನೂ ವೈದ್ಯನಾಗಿ ಸೇನೆಗೆ ಸೇರಿದ. 1942ರಲ್ಲಿ ಸಿಂಗಪುರ ಜಪಾನೀಯರ ಕೈಸೇರಿದಾಗ ಸೆರೆಸಿಕ್ಕಿ, ಚಾಂಗಿ ಶಿಬಿರದಲ್ಲಿ ಮೂರೂವರೆ ವರ್ಷ ಕಳೆದ. ಅಲ್ಲಿ ಬುದ್ಧಿ ಕಲಕಿಹೋದ ಸೈನಿಕರನ್ನು ನೋಡುತ್ತ ನೋಡುತ್ತ ಒಂದು ಅನುಮಾನ ಅವನ ತಲೆಯೊಳಗೆ ಬೇರುಬಿಟ್ಟಿತು: ಇದರ ಮೂಲ ದೇಹದಲ್ಲೇ ಎಲ್ಲೋ ಇರಬೇಕು.

ಆಗಿನ ಕಾಲಕ್ಕೆ ಇದು ಹತ್ತು ಜನ ಒಪ್ಪುವ ಮಾತಾಗಿರಲಿಲ್ಲ. ಮನಸ್ಸಿನ ಕಾಯಿಲೆ ಎಂದರೆ ಮನೋಬಲ ಸಾಲದ್ದು, ತಾಯಿ ಸರಿಯಾಗಿ ಬೆಳೆಸದ್ದು, ಮನೆತನದ ಕಳಂಕ. ತಪ್ಪು ಯಾರದೆಂದು ತೀರ್ಮಾನಿಸುವುದರಲ್ಲಿ ಇದ್ದ ಆತುರ ಚಿಕಿತ್ಸೆ ಹುಡುಕುವುದರಲ್ಲಿ ಇರಲಿಲ್ಲ. ನಮ್ಮಲ್ಲಂತೂ ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಗಾದೆಯೇ ಇದೆ. ವೈದ್ಯರ ಕೈಯಲ್ಲೂ ಹೆಚ್ಚೇನಿರಲಿಲ್ಲ: ವಿದ್ಯುತ್ ಆಘಾತ, ನಿದ್ದೆ ಬರಿಸುವ ಮದ್ದು, ಮೆದುಳಿನ ಶಸ್ತ್ರಕ್ರಿಯೆ, ಕೊನೆಗೆ ಬಾಗಿಲಿಗೆ ಬೀಗ.

ಕೇಡ್‌ನ ತರ್ಕ ಸರಳವಾಗಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸಿದರೆ ಮನುಷ್ಯ ಚಡಪಡಿಸುತ್ತಾನೆ, ಕಡಿಮೆಯಾದರೆ ಮಂಕಾಗುತ್ತಾನೆ. ಉನ್ಮಾದ ಮತ್ತು ಖಿನ್ನತೆಯೂ ಹಾಗೆಯೇ ಇರಬಾರದೇಕೆ? ದೇಹದಲ್ಲಿ ಯಾವುದೋ ಒಂದು ವಸ್ತು ಹೆಚ್ಚಾದರೆ ಉನ್ಮಾದ, ಕೊರತೆಯಾದರೆ ಖಿನ್ನತೆ. ಹೆಚ್ಚಾದದ್ದು ಮೂತ್ರದಲ್ಲಿ ಹೊರಬರಲೇಬೇಕು. ಯುದ್ಧದಿಂದ ಮರಳಿದ ಮೇಲೆ, ಮೆಲ್ಬರ್ನ್ ಬಳಿಯ ಬಂಡೂರಾದ ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಯಲ್ಲಿ ಬಳಕೆ ತಪ್ಪಿದ್ದ ಉಗ್ರಾಣವೊಂದು ಸಿಕ್ಕಿತು. ಅದೇ ಪ್ರಯೋಗಶಾಲೆಯಾಯಿತು. ಸಹಾಯಕರಿಲ್ಲ, ಸಂಶೋಧನೆಯ ತರಬೇತಿಯಿಲ್ಲ. ಇದ್ದದ್ದು ಒಂದಷ್ಟು ಗಿನಿಪಿಗ್‌ಗಳು ಮತ್ತು ಆ ಜಾಡಿಗಳು.

ಮೂತ್ರವನ್ನು ಗಿನಿಪಿಗ್‌ಗಳ ಹೊಟ್ಟೆಗೆ ಚುಚ್ಚಿದ. ಸತ್ತವು. ಆರೋಗ್ಯವಂತರ ಮೂತ್ರ ಚುಚ್ಚಿದ. ಅವೂ ಸತ್ತವು. ಆದರೆ ಉನ್ಮಾದದ ಕೆಲವು ರೋಗಿಗಳ ಮೂತ್ರ ಇನ್ನೂ ಕಡಿಮೆ ಪ್ರಮಾಣದಲ್ಲೇ ಕೊಲ್ಲುವಂತೆ ಕಂಡಿತು. ಕೇಡ್ ಹುರುಪುಗೊಂಡ. ಕೊಲ್ಲುತ್ತಿರುವುದು ಯೂರಿಯಾ ಎಂದು ಬೇಗ ಪತ್ತೆಯಾಯಿತು; ಆದರೆ ಉನ್ಮಾದದವರ ಮೂತ್ರದಲ್ಲಿ ಅದು ಹೆಚ್ಚೇನೂ ಇರಲಿಲ್ಲ. ಹಾಗಾದರೆ ಅದರ ವಿಷವನ್ನು ಹರಿತ ಮಾಡುವ ಇನ್ನೊಂದು ವಸ್ತು ಜೊತೆಗಿರಬೇಕು. ಯೂರಿಕ್ ಆಮ್ಲವೇ ಇರಬಹುದೆ? ಪರೀಕ್ಷಿಸೋಣವೆಂದರೆ ಅದು ನೀರಿನಲ್ಲಿ ಕರಗಲೊಲ್ಲದು. ಕೊನೆಗೆ ಅದರ ಲವಣಗಳಲ್ಲೆಲ್ಲ ಚೆನ್ನಾಗಿ ಕರಗುವ ಲಿಥಿಯಂ ಯೂರೇಟ್ ಆರಿಸಿಕೊಂಡ. ಲಿಥಿಯಂ ಮೇಲೆ ಅವನಿಗೆ ಯಾವ ಆಸಕ್ತಿಯೂ ಇರಲಿಲ್ಲ. ಯೂರಿಕ್ ಆಮ್ಲವನ್ನು ಹೊತ್ತು ತರುವ ಕೂಲಿಯಾಳಷ್ಟೇ ಅದು. ಇವತ್ತು ಮೊಬೈಲ್ ಬ್ಯಾಟರಿಗಾಗಿ ಮಂಡ್ಯದ ನೆಲದಲ್ಲೂ ಹುಡುಕುತ್ತಿರುವ ಲೋಹ ಇದೇ.

ಕೂಲಿಯಾಳು ಯಜಮಾನನ ಲೆಕ್ಕವನ್ನೇ ತಲೆಕೆಳಗು ಮಾಡಿದ. ಯೂರಿಯಾ ಜೊತೆ ಲಿಥಿಯಂ ಯೂರೇಟ್ ಸೇರಿಸಿದಾಗ ವಿಷ ಹೆಚ್ಚಬೇಕಿತ್ತು, ಕಡಿಮೆಯಾಯಿತು. ಯೂರಿಕ್ ಆಮ್ಲವನ್ನು ಪಕ್ಕಕ್ಕಿಟ್ಟು ಬರೀ ಲಿಥಿಯಂ ಕಾರ್ಬೊನೇಟ್ ಕೊಟ್ಟು ನೋಡಿದ. ಎರಡು ತಾಸಿನ ನಂತರ ಗಿನಿಪಿಗ್‌ಗಳು ಸ್ತಬ್ಧವಾದವು. ಬೆನ್ನ ಮೇಲೆ ಮಲಗಿಸಿದರೆ ಕಾಲು ಬಡಿದು ತಿರುಗಿಕೊಳ್ಳುವ ಪ್ರಾಣಿಗಳು ಹಾಗೇ ಮಲಗಿ ಅವನನ್ನು ಶಾಂತವಾಗಿ ನೋಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಎಂದಿನಂತೆ ಓಡಾಡಿದವು.

ಮೊದಲು ತಾನೇ ಲಿಥಿಯಂ ನುಂಗಿ ನೋಡಿದ. ಅಪಾಯವಾಗಲಿಲ್ಲ. 1948ರ ಮಾರ್ಚ್ 29ರಂದು ಒಬ್ಬ ರೋಗಿಗೆ ಕೊಟ್ಟ. ದಾಖಲೆಯಲ್ಲಿ ಅವನ ಹೆಸರು ಡಬ್ಲ್ಯು. ಬಿ. ಎಂದಷ್ಟೇ ಇದೆ. ವಯಸ್ಸು 51. ಐದು ವರ್ಷಗಳಿಂದ ಉನ್ಮಾದ ಇಳಿದಿರಲಿಲ್ಲ. ಕೊಳಕು, ಕೀಟಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಮುರಿಯುವವನು. ವಾರ್ಡಿನಲ್ಲಿ ಎಲ್ಲರಿಗೂ ತಲೆನೋವಾಗಿದ್ದ, ಇನ್ನು ಸುಧಾರಿಸುವವನಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಆಸಾಮಿ. ನಾಲ್ಕನೇ ದಿನ ಏನೋ ಬದಲಾವಣೆ ಕಂಡಂತಾಯಿತು. ಇದು ತನ್ನ ಆಸೆಗಣ್ಣಿನ ಭ್ರಮೆಯೇ ಎಂದು ಕೇಡ್‌ಗೇ ಸಂಶಯ. ಮೂರು ವಾರದಲ್ಲಿ ಸಂಶಯ ಉಳಿಯಲಿಲ್ಲ. ಜುಲೈ 9ರಂದು ಡಬ್ಲ್ಯು. ಬಿ. ಮನೆಗೆ ಹೋದ, ಹಳೆಯ ಕೆಲಸಕ್ಕೆ ಮರಳಿದ.

ಕತೆ ಇಲ್ಲಿ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆರಾಮಾದೆನಲ್ಲ, ಇನ್ನೇಕೆ ಮದ್ದು ಎಂಬ ಮಾತು ಯಾವ ಊರಿನ ರೋಗಿಯ ಬಾಯಲ್ಲೂ ಬರುವಂಥದ್ದು. ಡಬ್ಲ್ಯು. ಬಿ. ಕೂಡ ಗುಳಿಗೆ ಬಿಟ್ಟ. 1949ರ ಜನವರಿ ಕೊನೆಗೆ ಅದೇ ಹಳೆಯ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ. ಮತ್ತೆ ಲಿಥಿಯಂ ಕೊಟ್ಟರೆ ಉನ್ಮಾದ ಇಳಿಯುತ್ತಿತ್ತು, ದೇಹಕ್ಕೆ ವಿಷವೇರುತ್ತಿತ್ತು. ನಿಲ್ಲಿಸಿದರೆ ದೇಹ ಸುಧಾರಿಸುತ್ತಿತ್ತು, ಉನ್ಮಾದ ಕೆರಳುತ್ತಿತ್ತು. ಈ ಹಗ್ಗಜಗ್ಗಾಟದಲ್ಲಿ 1950ರ ಮೇ ತಿಂಗಳಲ್ಲಿ ಅವನು ಲಿಥಿಯಂ ವಿಷದಿಂದಲೇ ಸತ್ತ. ಕೇಡ್ ಕುಸಿದುಹೋದ. ತಾನೇ ಕಂಡುಹಿಡಿದ ಮದ್ದನ್ನು ಕೈಬಿಟ್ಟ.

ಅಷ್ಟರಲ್ಲಿ, 1949ರ ಸೆಪ್ಟೆಂಬರ್‌ನಲ್ಲಿ, ಉನ್ಮಾದದ ಹತ್ತು ರೋಗಿಗಳು ಸುಧಾರಿಸಿದ ಅವನ ವರದಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅದಕ್ಕಿಂತ ಕೆಟ್ಟ ಗಳಿಗೆ ಬೇರೆ ಇರಲಿಕ್ಕಿಲ್ಲ. ಅದೇ ವರ್ಷದ ಆರಂಭದಲ್ಲಿ ಅಮೆರಿಕದಲ್ಲಿ, ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆ ಉಪ್ಪಿನ ಬದಲಿಗೆಂದು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್ ತಿಂದು ಜನ ಸತ್ತಿದ್ದರು. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತ್ತು. ಇಂಥ ಹೊತ್ತಿನಲ್ಲಿ ಹೆಸರಿಲ್ಲದ ಮನೋವೈದ್ಯನೊಬ್ಬ, ಸಣ್ಣ ಆಸ್ಪತ್ರೆಯ ಮೂಲೆಯಿಂದ ಬರೆದದ್ದನ್ನು ಓದುವವರಾರು?

ಇಬ್ಬರು ಹಟವಾದಿಗಳು ಓದಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರಾಟ್ನರ್ ಸಹೋದ್ಯೋಗಿಯೊಂದಿಗೆ ನೂರಕ್ಕೂ ಹೆಚ್ಚು ರೋಗಿಗಳಿಗೆ ಲಿಥಿಯಂ ಕೊಟ್ಟು, ರಕ್ತದಲ್ಲಿ ಅದರ ಮಟ್ಟ ಅಳೆಯುತ್ತ ಹೋದ. ಅಳೆದು ಕೊಟ್ಟರೆ ಸಾವು ತಪ್ಪಿಸಬಹುದೆಂದು 1951ರಲ್ಲಿ ತೋರಿಸಿದ. ಇನ್ನೊಬ್ಬ ಡೆನ್ಮಾರ್ಕಿನ ಮೋಗೆನ್ಸ್ ಶೋ. ಅವನ ತಮ್ಮನಿಗೇ ಮತ್ತೆ ಮತ್ತೆ ಮರುಕಳಿಸುವ ಖಿನ್ನತೆ. 1954ರಲ್ಲಿ ನಾಣ್ಯ ಚಿಮ್ಮಿಸಿ, ಯಾರಿಗೆ ಲಿಥಿಯಂ, ಯಾರಿಗೆ ಮದ್ದಿಲ್ಲದ ಹುಸಿಗುಳಿಗೆ ಎಂದು ಹಂಚಿ ಪರೀಕ್ಷಿಸಿದ. ಲಿಥಿಯಂ ಗೆದ್ದಿತು. ರೋಗ ಮರಳದಂತೆಯೂ ಅದು ತಡೆಯುತ್ತದೆ ಎಂದು ಮುಂದೆ ಹೇಳಿದಾಗ ಮಾತ್ರ, ಇದು ಇನ್ನೊಂದು ವೈದ್ಯಕೀಯ ಕಟ್ಟುಕತೆಯೇ ಎಂದು ಲಂಡನ್ನಿನ ಇಬ್ಬರು ತಜ್ಞರು 1968ರಲ್ಲಿ ಸವಾಲೆಸೆದರು. ಕಟುವಾದರೂ ನ್ಯಾಯವಾದ ಪ್ರಶ್ನೆ ಅದು. ಡೆನ್ಮಾರ್ಕಿನವರು ಲಿಥಿಯಂ ತೆಗೆದುಕೊಳ್ಳುತ್ತಿದ್ದ 84 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗುಟ್ಟಾಗಿ ಹುಸಿಗುಳಿಗೆ ಕೊಟ್ಟರು. ಐದು ತಿಂಗಳಲ್ಲಿ ಹುಸಿಗುಳಿಗೆಯ 39 ಮಂದಿಯಲ್ಲಿ 21 ಮಂದಿಗೆ ರೋಗ ಮರುಕಳಿಸಿತು. ಲಿಥಿಯಂ ಮುಂದುವರಿಸಿದ 45 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಅದು ಪ್ರಕಟವಾದದ್ದು 1970ರಲ್ಲಿ. ಅದೇ ವರ್ಷ ಅಮೆರಿಕ ಕೂಡ ಉನ್ಮಾದದ ಚಿಕಿತ್ಸೆಗೆ ಲಿಥಿಯಂ ಒಪ್ಪಿಕೊಂಡಿತು. ಕೇಡ್ ಅದನ್ನು ನೋಡಲು ಬದುಕಿದ್ದ, 1980ರಲ್ಲಿ ತೀರಿಕೊಂಡ.

ಹಿಂತಿರುಗಿ ನೋಡಿದರೆ ಅವನ ಲೆಕ್ಕದ ಬಹುಪಾಲು ತಪ್ಪು. ಉನ್ಮಾದಕ್ಕೂ ಯೂರಿಕ್ ಆಮ್ಲಕ್ಕೂ ಅವನು ಊಹಿಸಿದ ನಂಟು ನಿಲ್ಲಲಿಲ್ಲ. ಗಿನಿಪಿಗ್‌ಗಳು ಸುಮ್ಮನೆ ಮಲಗಿದ್ದು ಶಾಂತಿಯಿಂದಲ್ಲ, ಬಹುಶಃ ವಿಷವೇರುವ ಮುನ್ಸೂಚನೆ. ಸರಿಯಾಗಿದ್ದದ್ದು ಒಂದೇ: ಈ ಕಾಯಿಲೆಗೆ ದೇಹದಲ್ಲೂ ಬೇರಿದೆ ಎಂಬ ಅನುಮಾನ. ಲಿಥಿಯಂ ನರಕೋಶಗಳೊಳಗೆ ಸಂಕೇತ ಸಾಗಿಸುವ ಕೆಲವು ಕಿಣ್ವಗಳನ್ನು ತಡೆಹಿಡಿದು ಆ ಕೋಶಗಳ ಅಬ್ಬರ ತಗ್ಗಿಸುವಂತೆ ಕಾಣುತ್ತದೆ. ಪೂರ್ತಿ ಚಿತ್ರ ಇನ್ನೂ ಸಿಕ್ಕಿಲ್ಲ. ಅಮೆರಿಕದ ಸಾವುಗಳ ಒಗಟು ಮಾತ್ರ ಬಿಡಿಸಿತು. ಲಿಥಿಯಂ ಸೋಡಿಯಂನ ದಾಯಾದಿ. ಊಟದಲ್ಲಿ ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಸೋಡಿಯಂ ಉಳಿಸಿಕೊಳ್ಳಲು ಹವಣಿಸುತ್ತ ಲಿಥಿಯಂ ಅನ್ನೂ ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಅಮೆರಿಕದ ಹೃದ್ರೋಗಿಗಳು ಉಪ್ಪು ಬಿಟ್ಟು ಲಿಥಿಯಂ ತಿಂದಿದ್ದರು.

ಉನ್ಮಾದ ಮತ್ತು ಖಿನ್ನತೆ ಬೇರೆ ಬೇರೆ ಸಮಯದಲ್ಲಿ ಕಾಡುವ ಬೈಪೋಲಾರ್ ಕಾಯಿಲೆಗೆ ಇಂದಿಗೂ ಲಿಥಿಯಂ ಮುಖ್ಯ ಮದ್ದುಗಳಲ್ಲೊಂದು. ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಊಟದ ಉಪ್ಪನ್ನು ಒಮ್ಮೆಲೇ ಇಳಿಸಬಾರದು, ವಾಂತಿ ಭೇದಿಯಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ಆರಾಮಾಯಿತೆಂದು ತಾವಾಗಿ ನಿಲ್ಲಿಸುವಂತಿಲ್ಲ. ನಿಲ್ಲಿಸುವುದಿದ್ದರೂ ವೈದ್ಯರ ಜೊತೆ ಮಾತಾಡಿ, ನಿಧಾನವಾಗಿ.