ಮಾರುತಿಯ ಎದೆಮಟ್ಟದ ನೀರು

ಮಳೆಗಾಲದಲ್ಲಿ ಗೋದಾವರಿ ಎಷ್ಟು ಏರಿದಳೆಂಬುದನ್ನು ತಿಳಿಯಬಯಸುವ ನಾಸಿಕದ ನಿವಾಸಿ ನೀರಾವರಿ ಇಲಾಖೆಯ ಅಂಕಿಗಳಿಗಾಗಿ ಕಾದು ಕೂರುವುದಿಲ್ಲ. ಮಾರುತಿ ಎಲ್ಲಿಯವರೆಗೆ ಮುಳುಗಿದನೆಂದು ಕೇಳುತ್ತಾನೆ. ರಾಮಕುಂಡದ ಸಮೀಪ, ನದಿಯ ಪಾತ್ರದಲ್ಲಿಯೇ ಎನ್ನುವಂತೆ ನಿಂತಿರುವ ಎರಡು ಮುಖಗಳ ಆ ಎತ್ತರದ ಹನುಮಂತನಿಗೆ ಮರಾಠಿಯಲ್ಲಿ ದುತೋಂಡ್ಯಾ ಮಾರುತಿಯೆಂದು ಹೆಸರು. ಊರಿನ ಮೇಲ್ಗಡೆಯ ಗಂಗಾಪುರ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಮೊಣಕಾಲು, ಸೊಂಟ, ಎದೆ, ಕಂಠ ಎಂದು ದೇವರ ಅವಯವಗಳೇ ಪ್ರವಾಹದ ಮಾನದಂಡಗಳಾಗಿ ಬಾಯಿಂದ ಬಾಯಿಗೆ ಹೋಗುವುವು. ಎದೆಯನ್ನು ದಾಟಿತೆಂಬ ಸುದ್ದಿ ಬಂದರೆ, ಪಾತ್ರೆಯಂಗಡಿಗಳ ಭಾಂಡಿಬಜಾರಿನಲ್ಲಿಯೂ ಚಿನಿವಾರರ ಸರಾಫ್ ಬಜಾರಿನಲ್ಲಿಯೂ ಸರಕನ್ನು ಮೇಲೆತ್ತಿಡುವ ಗಡಿಬಿಡಿ ತೊಡಗುವುದು. ಇದಕ್ಕಿಂತ ನಿಖರವಾದ ಅಳತೆಗೋಲು ಬೇಕೆಂದು ಯಾರೂ ಗೊಣಗಿದಂತಿಲ್ಲ.

ಅಲಕ್ಷಿತವಾದ ನದೀತೀರಗಳನ್ನು ಮನೆ, ಅಂಗಡಿ, ಕಚೇರಿ, ಉದ್ಯಾನಗಳೆಲ್ಲ ಕೂಡಿದ ಬಡಾವಣೆಗಳಾಗಿ ಪುನರುಜ್ಜೀವಿಸಬೇಕೆಂಬುದು ಇಂದಿನ ನಗರಯೋಜಕರ ದೊಡ್ಡ ಹಂಬಲ. ಅದಕ್ಕೆ ಅವರಿಟ್ಟಿರುವ ಹೆಸರು ಮಿಶ್ರ ಬಳಕೆ. ಹೆಸರು ಹೊಸದಾದರೂ ವಸ್ತು ನಾಸಿಕಕ್ಕೆ ಬಹು ಹಳೆಯದು. ನದಿಗೆ ಹೋಗುವುದನ್ನು ಅಲ್ಲಿಯ ಜನ ‘ಗಂಗೇವರ್’ ಹೋಗುವುದೆನ್ನುವರು, ಗಂಗೆಯ ಮೇಲೆ ಎಂದರ್ಥ. ಆ ಒಂದು ಮಾತಿನಲ್ಲಿ ಸ್ನಾನ, ಶ್ರಾದ್ಧ, ಸಂತೆ, ಹರಟೆಗಳೆಲ್ಲವೂ ಅಡಗಿವೆ. ಬುಧವಾರ ಗೋದಾಘಾಟಿಗೆ ಹೋದವನಿಗೆ ಇದರ ಸಾಕ್ಷಾತ್ ದರ್ಶನವಾಗುವುದು. ಅಂದು ಅಲ್ಲಿ ವಾರದ ಸಂತೆ. ತಲೆ ಬೋಳಿಸಿಕೊಂಡ ಮಗನೊಬ್ಬ ಪುರೋಹಿತರ ಎದುರಿನಲ್ಲಿ ಕುಳಿತು ತಂದೆಯ ಪಿಂಡವನ್ನು ನೀರಿಗೆ ಬಿಡುತ್ತಿರುವಾಗ, ನಾಲ್ಕು ಮಾರು ಆಚೆ ಅರಿವೆಯ ಮೇಲೆ ಗುಡ್ಡೆ ಹಾಕಿದ ಮೆಂತ್ಯದ ಸೊಪ್ಪಿಗೆ ಚೌಕಾಸಿ ನಡೆದಿರುವುದು. ಪೋರ್ತುಗೀಜರಿಂದ ವಸಾಯಿ ಕೋಟೆಯನ್ನು ಗೆದ್ದುದರ ನೆನಪನ್ನು ಹೊತ್ತ ಭಾರಿ ಘಂಟೆಯನ್ನು ಹಣೆಯಲ್ಲಿ ಧರಿಸಿರುವ 1747ರ ನಾರೋಶಂಕರ ದೇವಾಲಯ ಇವೆರಡನ್ನೂ ಒಂದೇ ನಿರ್ಲಿಪ್ತತೆಯಿಂದ ನೋಡುತ್ತಿರುವುದು. ಯಾವ ಯೋಜಕನೂ ಇದನ್ನು ನಕ್ಷೆಯಲ್ಲಿ ಬರೆದವನಲ್ಲ.

ಹೀಗೆ ಜೀವಂತವಾಗಿದ್ದ ತೀರಕ್ಕೆ ಪೆಟ್ಟು ತಗುಲಿದ್ದು ಅಲಕ್ಷ್ಯದಿಂದ ಎಷ್ಟೋ ಅತಿಯಾದ ಆಸ್ಥೆಯಿಂದಲೂ ಅಷ್ಟೇ. ಬೃಹಸ್ಪತಿ ಸಿಂಹರಾಶಿಯನ್ನು ಪ್ರವೇಶಿಸುವ ಹನ್ನೆರಡು ವರ್ಷಕ್ಕೊಮ್ಮೆಯ ಸಿಂಹಸ್ಥ ಕುಂಭಮೇಳದಲ್ಲಿ ಲಕ್ಷೋಪಲಕ್ಷ ಜನ ಒಂದೇ ಕುಂಡದತ್ತ ನುಗ್ಗುವರು. 2003ರ ಆಗಸ್ಟಿನಲ್ಲಿ ರಾಮಕುಂಡಕ್ಕೆ ಇಳಿಯುವ ಇಕ್ಕಟ್ಟಾದ ಹಾದಿಯಲ್ಲಿ ನೂಕುನುಗ್ಗಲಾಗಿ 39 ಮಂದಿ ಅಸುನೀಗಿದರು. ಇಂಥ ಜನಸಂದಣಿಯನ್ನು ಅಣಿಗೊಳಿಸಬೇಕಾದ ಅಧಿಕಾರಿಗೆ ಸಮತಟ್ಟಾದ ಗಟ್ಟಿ ನೆಲ ಕಂಡರೆ ಪ್ರೀತಿ ಹುಟ್ಟುವುದು ಸಹಜವೇ. ಆದರೆ ಯಾತ್ರಿಕರ ಅನುಕೂಲಕ್ಕೆಂದು ನದಿಯ ಪಾತ್ರಕ್ಕೇ ಕಾಂಕ್ರೀಟು ಹಾಸಿದಾಗ, ಅದರ ಅಡಿಯಲ್ಲಿ ಪ್ರಾಚೀನ ಕುಂಡಗಳೂ, ಬೇಸಿಗೆಯಲ್ಲಿ ಅವುಗಳಿಗೆ ನೀರೂಡುತ್ತಿದ್ದ ಒರತೆಗಳೂ ಉಸಿರುಕಟ್ಟಿ ಕುಳಿತವು. 2016ರ ಬರದಲ್ಲಿ ರಾಮಕುಂಡವೇ ಒಣಗಿ ಟ್ಯಾಂಕರಿನಿಂದ ನೀರು ತಂದು ತುಂಬಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ತೀರ ಮಹಾಪೂರದಲ್ಲಿ ಮುಳುಗಿತು. ವಿಷಯ ಮುಂಬಯಿಯ ಉಚ್ಚ ನ್ಯಾಯಾಲಯದವರೆಗೂ ಹೋಗಿ, ಒಂದಷ್ಟು ಕಾಂಕ್ರೀಟನ್ನು ಅಗೆದು ತೆಗೆದದ್ದೂ ಉಂಟು. ಹಾಕಿದ್ದೂ ಸಾರ್ವಜನಿಕ ಹಣ, ಅಗೆದದ್ದೂ ಸಾರ್ವಜನಿಕ ಹಣ.

ದಂಡೆಯ ಮನೆಗಳ ಕಥೆ ಬೇರೆ. ಮಹಾರಾಷ್ಟ್ರದ ನಿಯಮಗಳಲ್ಲಿ ನದಿಗೆ ಎರಡು ಗೆರೆಗಳುಂಟು: ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಎಲ್ಲೆಯನ್ನು ತೋರುವುದು ನೀಲಿ ಗೆರೆ, ನೂರು ವರ್ಷಕ್ಕೊಮ್ಮೆಯದು ಕೆಂಪು ಗೆರೆ. 2008ರ ದೊಡ್ಡ ನೆರೆಯ ತರುವಾಯ ನಾಸಿಕದಲ್ಲಿ ಈ ಗೆರೆಗಳು ದಿನನಿತ್ಯದ ಮಾತಾದವು. ನೀಲಿ ಗೆರೆಯೊಳಗೆ ಹೊಸದಾಗಿ ಕಟ್ಟಲಾಗದು; ಇದು ವಿವೇಕದ ನಿಯಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಗೆರೆಯೊಳಗೆ ಪೇಶ್ವೆಗಳ ಕಾಲದ ಮಾದರಿಯ ವಾಡೆಗಳಿರುವುವಷ್ಟೆ: ಕಲ್ಲಿನ ಪಾಯ, ತೇಗದ ಕಂಬ, ನಡುವೆ ಅಂಗಳ, ಬೀದಿಗೆ ಮುಖಮಾಡಿದ ಅಂಗಡಿ, ಮೇಲೆ ಸಂಸಾರ. ಕೆಡವಿ ಕಟ್ಟಲು ಅನುಮತಿ ಸುಲಭವಲ್ಲ, ದುರಸ್ತಿಗೆ ದಾಯಾದಿಗಳ ಒಮ್ಮತವಿಲ್ಲ, ಅಲ್ಪ ಬಾಡಿಗೆಯಲ್ಲಿ ಬಾಳುತ್ತಿರುವವನಿಗೆ ಬಿಟ್ಟುಹೋಗಲು ಬೇರೆ ಎಡೆಯಿಲ್ಲ. ಹೀಗಾಗಿ ಪ್ರತಿ ಮಳೆಗಾಲದಲ್ಲಿಯೂ ಒಂದಲ್ಲ ಒಂದು ವಾಡೆಯ ಗೋಡೆ ಕುಸಿದ ವಾರ್ತೆ ಬರುವುದು. ತೀರದ ಪುನರುಜ್ಜೀವನವೆಂದರೆ ಮೊದಲು ಈ ಗೋಡೆಗಳಿಗೆ ಊರೆ ಕೊಡುವುದೆಂದು ನಾನು ತಿಳಿದಿದ್ದೇನೆ. ದೀಪದ ಕಂಬಗಳ ಸರದಿ ಅನಂತರ ಬರಲಿ.

ಗೋದಾವರಿ ಅಲ್ಲಿಂದ ಮೂಡಣಕ್ಕೆ ಹರಿದು ಮರಾಠವಾಡೆಯನ್ನು ಸೇರುವಳು. ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಕವಿರಾಜಮಾರ್ಗ ಹೆಸರಿಸಿದ ನದಿಯಿದು. ಈ ಸೀಮೆಯ ಎಲ್ಲೋರದಲ್ಲಿ ಕೈಲಾಸವನ್ನು ಕೊರೆಸಿದವರು ಮಾನ್ಯಖೇಟದ ರಾಷ್ಟ್ರಕೂಟರೇ. 1956ರ ನವೆಂಬರಿನವರೆಗೂ ಕಲಬುರಗಿ, ಬೀದರ, ರಾಯಚೂರುಗಳೊಡನೆ ಔರಂಗಾಬಾದೂ ಒಂದೇ ಹೈದರಾಬಾದು ರಾಜ್ಯದ ಪಾಲಾಗಿತ್ತೆಂಬುದು ನಮ್ಮ ಹಿರಿಯರಿಗೆ ನೆನಪಿದ್ದೀತು. ಈಗ ಛತ್ರಪತಿ ಸಂಭಾಜಿನಗರವೆನಿಸಿರುವ ಆ ಊರನ್ನು 1610ರಲ್ಲಿ ಖಡಕಿಯೆಂಬ ಹೆಸರಿನಿಂದ ಸ್ಥಾಪಿಸಿದವನು, ಆಫ್ರಿಕೆಯಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟು, ಅಹಮದನಗರದ ನಿಜಾಮಶಾಹಿಯ ಪ್ರಧಾನಿಯ ಪದವಿಗೇರಿದ ಮಲಿಕ್ ಅಂಬರ್. ನೆಲದಡಿಯ ಕಾಲುವೆಗಳಿಂದಲೂ ಮಣ್ಣಿನ ಕೊಳವೆಗಳಿಂದಲೂ ಅವನು ಊರಿಗೆ ನೀರುಣಿಸಿದ ಏರ್ಪಾಡು ನಹರ್-ಎ-ಅಂಬರಿ ಎಂಬ ಹೆಸರಿನಲ್ಲಿ ಉಳಿದಿದೆ. ಅದೇ ವಿದ್ಯೆಯ ಮುಂದಿನ ಫಲ ಖಾಮ್ ನದಿಯ ದಂಡೆಯ ಪನಚಕ್ಕಿ. ದೂರದ ಗುಡ್ಡದ ಸೆಲೆಯೊಂದರಿಂದ ಕೊಳವೆಗಳಲ್ಲಿ ಬಂದ ನೀರು ಎತ್ತರದ ಗೋಡೆಯಿಂದ ಕೊಳಕ್ಕೆ ಧುಮುಕುವುದು. ಆ ನೀರಿನ ಬಲದಿಂದ ತಿರುಗಿದ ಬೀಸುಕಲ್ಲು ಬಾಬಾ ಶಾಹ ಮುಸಾಫಿರರ ದರ್ಗಾದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಹಿಟ್ಟು ಬೀಸಿಕೊಟ್ಟಿತು. ಕೊಳದ ತಳವೇ ಕೆಳಗಿನ ವಿಶಾಲವಾದ ಕೋಣೆಗೆ ಮಾಳಿಗೆ; ಕಡುಬೇಸಿಗೆಯಲ್ಲಿ ತಲೆಯ ಮೇಲೆ ನೀರನ್ನು ಹೊತ್ತ ಆ ಕೋಣೆಯ ತಂಪಿಗೆ ವಿದ್ಯುತ್ತಿನ ಹಂಗಿಲ್ಲ. ಗಿರಣಿ, ಮಸೀದಿ, ಪಾಠಶಾಲೆ, ಛತ್ರ, ಸಮಾಧಿ ಒಂದೇ ಆವರಣದಲ್ಲಿ, ಒಂದೇ ನೀರಿನ ಆಶ್ರಯದಲ್ಲಿ ಬಾಳಿದುವು.

ಆ ಗೋಡೆಯ ಬುಡದಲ್ಲಿಯೇ ಹರಿಯುವ ಖಾಮ್ ನದಿಯಾದರೋ, ಊರಿಗೆ ಕಂದಕದಂತಿದ್ದುದು ಕಾಲಕ್ರಮೇಣ ಊರಿನ ಗಟಾರವಾಯಿತು. ನಲ್ಲಿಗೆ ಗೋದಾವರಿಯ ಜಾಯಕವಾಡಿ ಅಣೆಕಟ್ಟೆಯ ನೀರು ಬಂದೀತೆಂಬ ಭರವಸೆ ಹುಟ್ಟಿದೊಡನೆ ಮನೆಗಳು ನದಿಗೆ ಬೆನ್ನು ತಿರುಗಿಸಿದವು. ವಿಪರ್ಯಾಸವನ್ನು ನೋಡಿ: ಖಾಮ್ ಹೋಗಿ ಸೇರುವುದು ಪೈಠಣದ ಅದೇ ಜಾಯಕವಾಡಿಯ ಜಲಾಶಯವಾದ ನಾಥಸಾಗರವನ್ನು, ಊರು ತಾನು ಚೆಲ್ಲಿದ ಕೊಳೆಯನ್ನು ತನ್ನ ಕುಡಿಯುವ ಕೊಡಕ್ಕೇ ಕಳುಹುತ್ತಿತ್ತು. ಆ ಕೊಡದ ನೀರಿಗಾಗಿಯೇ ನಾಸಿಕದ ಮೇಲಿನ ಅಣೆಕಟ್ಟೆಗಳೊಡನೆ ಮರಾಠವಾಡೆಯ ವ್ಯಾಜ್ಯ ಬರಗಾಲದಲ್ಲೆಲ್ಲ ಹೊಗೆಯಾಡುವುದು. 2021ರ ಸುಮಾರಿಗೆ ಮಹಾನಗರಪಾಲಿಕೆ, ದಂಡುಪ್ರದೇಶದ ಮಂಡಲಿ, ವಾರೋಕ್ ಉದ್ಯಮಸಂಸ್ಥೆ, ಇಕೋಸತ್ವ ಸಂಸ್ಥೆಗಳು ಕೂಡಿ ಖಾಮ್ ನದಿಯ ಉದ್ಧಾರಕ್ಕೆ ಕೈಹಾಕಿದಾಗ ಮೊದಲು ಮಾಡಿದ್ದು ಏನೂ ರಮ್ಯವಲ್ಲದ ಕೆಲಸ: ಕಸ ಎತ್ತುವುದು. ಮನೆಮನೆಯ ಕಸ ಹಳ್ಳಕ್ಕೆ ಬೀಳದಂತೆ ನೋಡುವುದು, ಹೂಳು ತೆಗೆದು ನದಿಗೆ ಅಗಲ ಕೊಡುವುದು, ಇಳಿಜಾರಿನಲ್ಲಿ ನಾಡಗಿಡಗಳನ್ನು ನೆಡುವುದು. ಉದ್ಯಾನ ಬಂದದ್ದು ಇವುಗಳ ಬೆನ್ನಿಗೆ. ಇನ್ನೂ ಕೊಳಚೆ ಪೂರ್ತಿ ನಿಂತಿಲ್ಲ. ಕೆಲಸದ ಕ್ರಮ ಮಾತ್ರ ಸರಿಯಿದೆ.

ಅಹಮದಾಬಾದಿನ ಸಾಬರಮತಿ ತೀರವನ್ನು ಆದರ್ಶವೆಂದು ಹೊಗಳುವವರು ಬಹಳ. ಅಲ್ಲಿಯ ನಿಶ್ಚಲ ಜಲರಾಶಿ ನರ್ಮದೆಯ ಕಾಲುವೆಯಿಂದ ಎರವಲು ತಂದದ್ದೆಂಬುದನ್ನೂ, ಸಾವಿರಾರು ಗುಡಿಸಲುವಾಸಿಗಳು ನದಿಯಿಂದ ದೂರಕ್ಕೆ ಸಾಗಿಸಲ್ಪಟ್ಟರೆಂಬುದನ್ನೂ ಹೊಗಳಿಕೆಯ ನಡುವೆ ಯಾರೂ ಹೇಳುವುದಿಲ್ಲ. ನಮ್ಮ ಬೆಂಗಳೂರಿನ ರಾಜಕಾಲುವೆಗಳ ಮಗ್ಗುಲಲ್ಲಿ ಕಲ್ಲುಹಾಸು ಹಾಕಿ ಬೆಂಚಿಟ್ಟು ಮೂಗು ಮುಚ್ಚಿಕೊಂಡು ಕೂತವರಿಗೆ, ಕೊಳೆ ತೆಗೆಯುವ ಮೊದಲೇ ತೀರವನ್ನು ಸಿಂಗರಿಸಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ನಾಸಿಕದಲ್ಲೀಗ 2027ರ ಸಿಂಹಸ್ಥಕ್ಕೆ ಸನ್ನಾಹ. ಕಪಿಲಾಸಂಗಮದ ತಪೋವನದಲ್ಲಿ ಸಾಧುಗಳ ಬಿಡಾರವಾದ ಸಾಧುಗ್ರಾಮಕ್ಕಾಗಿ ಮರಗಳನ್ನು ಕಡಿಯುವ ಪ್ರಸ್ತಾವ 2025ರಲ್ಲಿ ಹೊರಬಿದ್ದಾಗ ಊರಿನ ಜನ ಮರಗಳ ಪರವಾಗಿ ನಿಂತರು. ವನವಿಲ್ಲದ ತಪೋವನವನ್ನು ಕಲ್ಪಿಸಿಕೊಳ್ಳುವುದು ಅವರಿಗೆ ಕಷ್ಟವಾಗಿದ್ದಿರಬೇಕು. ನಕ್ಷೆಗಳು ಬರುತ್ತಿವೆ, ತಿದ್ದುಪಡಿಯಾಗುತ್ತಿವೆ. ಘಾಟಿನ ಬುಧವಾರದ ಸಂತೆಯವರಾದರೋ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂದೊಡನೆ ಮಾರುತಿಯ ಕಡೆ ಒಮ್ಮೆ ನೋಡಿ, ಅರಿವೆಯ ನಾಲ್ಕು ಮೂಲೆಗಳನ್ನು ಕೂಡಿಸಿ ಸೊಪ್ಪಿನ ಗಂಟು ಕಟ್ಟಿ, ಮೂರು ಮೆಟ್ಟಲು ಮೇಲಕ್ಕೆ ಸರಿದು ಮತ್ತೆ ಹರಡುವರು.